ಭಾನುವಾರ ಅಂತ ಹೇಳು

ಒಬ್ಬ ಹುಡುಗಿಯ ಬಾಯಿಂದ ಅವಳ ಹೆತ್ತ ತಾಯಿಗೆ ನಾನು ಸುಳ್ಳು ಹೇಳಿಸಿದೆ. ಆ ಸುಳ್ಳು ಹೊರಬಿದ್ದಾಗ, ಅದು ಆ ಹುಡುಗಿಯದೇ ಎಂಬಂತೆ ಸುಮ್ಮನೆ ನಿಂತೆ. ಅವಳಿಗಾಗ ಹತ್ತು ವರ್ಷ. ನನಗೆ ಇಪ್ಪತ್ತಾರು — ತಿಳಿಯದ ವಯಸ್ಸೇನಲ್ಲ.

ಇದನ್ನು ಬರೆಯಲು ಹಿಂದೆಯೂ ಕೂತಿದ್ದೇನೆ. ಆಗೆಲ್ಲ ನಮ್ಮ ಸಂಘದ ಕಷ್ಟಗಳಿಂದ ಶುರು ಮಾಡುತ್ತಿದ್ದೆ. ಜಾಗವಿರಲಿಲ್ಲ, ನೆರವಿರಲಿಲ್ಲ, ನಾವು ಹೇಗೆಲ್ಲ ಓಡಾಡಿದೆವು ಎಂದು. ಹಾಗೆ ಶುರು ಮಾಡಿದರೆ ಓದುವವರು ನನ್ನ ತಪ್ಪಿನ ಹತ್ತಿರ ಬರುವಷ್ಟರಲ್ಲಿ ನನ್ನ ಕಡೆಯವರಾಗಿಬಿಡುತ್ತಾರೆ. ಅದು ನನಗೆ ಬೇಡ. ಅದಕ್ಕೇ ಮೊದಲು ತಪ್ಪು, ಆಮೇಲೆ ಉಳಿದದ್ದು.

ನಾನು ವಿಜಯಾ. ಹಲಸೂರಿನ ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ವಿಜಿ ಅಕ್ಕ. ತೊಂಬತ್ತರ ದಶಕದಲ್ಲಿ ಕೆರೆಗೆ ಹತ್ತಿರವಿದ್ದ ಹಳೆಯ ಮರದ ಗೋದಾಮೊಂದರಲ್ಲಿ ನಾನು, ಸಲೀಮ್, ಇನ್ನಷ್ಟು ಗೆಳೆಯರು ಸೇರಿ ಒಂದು ಯುವಕ ಸಂಘ ನಡೆಸುತ್ತಿದ್ದೆವು. ಬೋರ್ಡಿನಲ್ಲಿ ‘ಯುವಕ’ ಎಂದಿದ್ದರೂ ಬರುತ್ತಿದ್ದವರಲ್ಲಿ ಹುಡುಗಿಯರೇ ಹೆಚ್ಚು. ನಾನು ಬೆಳಿಗ್ಗೆ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡಿ ಸಂಜೆ ಸಂಘಕ್ಕೆ ಬರುತ್ತಿದ್ದೆ. ಸಲೀಮ್ ಶಿವಾಜಿನಗರದ ಪಾತ್ರೆ ಅಂಗಡಿಯವರ ಮಗ. ಮನೆಯಲ್ಲಿ ದಖ್ಖನಿ ಉರ್ದು, ಬೀದಿಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ — ಮೂರರಲ್ಲೂ ಅವನಿಗೆ ಜಗಳವಾಡಲು ಬರುತ್ತಿತ್ತು, ಸಮಾಧಾನ ಮಾಡಲೂ ಬರುತ್ತಿತ್ತು.

ಮೊದಮೊದಲು ನಮ್ಮದೂ ಎಲ್ಲ ಸಂಘಗಳ ಹಾಗೆಯೇ. ಕೇರಂ, ಕ್ರಿಕೆಟ್, ಪರೀಕ್ಷೆ ಹತ್ತಿರ ಬಂದಾಗ ಟ್ಯೂಷನ್. ಒಂದು ದಿನ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಬಂದು, ತನ್ನ ಅಪ್ಪ ಬಸ್ಸಿನ ಬೋರ್ಡ್ ಓದಲಾಗದೆ ಯಾವುದೋ ಬಸ್ ಹತ್ತಿ ಎಲ್ಲೋ ಇಳಿದ ಕಥೆಯನ್ನು ಎಲ್ಲರಿಗೂ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾವೂ ನಕ್ಕೆವು. ಸಲೀಮ್ ನಗಲಿಲ್ಲ.

“ನಾವು ಮಕ್ಕಳನ್ನ ಮಾತ್ರ ಮುಂದೆ ತಳ್ತಿದೀವಿ ವಿಜಿ,” ಎಂದ. “ಅಪ್ಪ-ಅಮ್ಮ ಹಿಂದೇನೇ ಉಳ್ಕೊಳ್ತಾರೆ. ಆಮೇಲೆ ಈ ಮಕ್ಕಳು ತಿರುಗಿ ನೋಡಿ ನಗ್ತಾರೆ.”

ಆ ಮಾತಿನಿಂದ ನಮ್ಮ ಭಾನುವಾರಗಳು ಹುಟ್ಟಿದವು. ಭಾನುವಾರ ಮಧ್ಯಾಹ್ನ ಪ್ರತಿ ಮಗುವೂ ಮನೆಯ ಒಬ್ಬ ದೊಡ್ಡವರನ್ನು ಕರೆದುಕೊಂಡು ಬರಬೇಕು. ಮಗು ತನಗೆ ಗೊತ್ತಿರುವುದನ್ನು ದೊಡ್ಡವರಿಗೆ ಕಲಿಸಬೇಕು, ದೊಡ್ಡವರು ತಮಗೆ ಗೊತ್ತಿರುವುದನ್ನು ಮಕ್ಕಳಿಗೆ. ಯಾರು ಬರುತ್ತಾರೆ ಎಂದುಕೊಂಡಿದ್ದೆವು — ಬಂದರು. ಆಟೋ ಓಡಿಸುವ ತಂದೆ ಮಗನ ಎದುರು ಕೇರಂನಲ್ಲಿ ಸೋತು, “ಇನ್ನೊಂದು ಗೇಮ್ ಹಾಕೋ” ಎಂದು ಹಟ ಹಿಡಿಯುತ್ತಿದ್ದರು. ಬುರ್ಖಾದ ಒಬ್ಬ ಅಜ್ಜಿ ಮೊಮ್ಮಗಳ ಪಕ್ಕದಲ್ಲಿ ಕೂತು, ನಾವು ರಟ್ಟಿನ ಮೇಲೆ ಬರೆದಿಟ್ಟ ಬಸ್ ಬೋರ್ಡುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಕೂಗುತ್ತಿದ್ದರು. ಮನೆಯಲ್ಲಿ ಮಾತಿಗಿಂತ ಮುಂಚೆ ಕೈ ಎತ್ತುತ್ತಿದ್ದವನೊಬ್ಬ ಇಲ್ಲಿ ಮಗಳ ಮುಂದೆ ಸ್ಲೇಟು ಚಾಚಿ, “ಇದೆಂಗಮ್ಮ ಬರೆಯೋದು?” ಎಂದು ಕೇಳುತ್ತಿದ್ದ. ಹಾಗೆ ಕೇಳಿದ ಮೇಲೆ ಮನೆಗೆ ಹೋಗಿ ಅದೇ ಮಗಳನ್ನು ಹೊಡೆಯುವುದು ಅವನಿಗೂ ಅಷ್ಟು ಸುಲಭವಾಗುತ್ತಿರಲಿಲ್ಲ. ಆ ಹುಡುಗಿಯೇ ನನಗೆ ಹೇಳಿದ್ದು.

ಶರಣಮ್ಮ ಬಂದದ್ದು ಹಾಗೆಯೇ — ಮಗಳು ರೇಣುಕಾಳ ಕೈ ಹಿಡಿದುಕೊಂಡು. ರಾಯಚೂರಿನ ಕಡೆಯವರು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಗೋದಾಮಿನ ಹಿಂದಿನ ಸಾಲುಮನೆಗಳಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಶರಣಮ್ಮನದು ದೊಡ್ಡ ಗಂಟಲು. ಅವರು ನಕ್ಕರೆ ಬೀದಿಯವರೆಗೆ ಕೇಳಿಸುತ್ತಿತ್ತು. ರೇಣುಕಾ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹೊಸ ಊರು, ಹೊಸ ಶಾಲೆ, ಅವಳ ಮಾತಿನ ಧಾಟಿಯನ್ನು ಅಣಕಿಸುವ ಸಹಪಾಠಿಗಳು — ಅವಳು ಸುಮ್ಮನಿರುವುದನ್ನು ರೂಢಿಸಿಕೊಂಡಿದ್ದಳು.

ಆ ಹುಡುಗಿ ಬಾಯಿ ಬಿಟ್ಟದ್ದು ತಾಯಿಗೆ ಅಕ್ಷರ ಕಲಿಸಲು ಕೂತಾಗ. “ಅವ್ವಾ, ಇದು ‘ಲ’. ನೆಟ್ಟಗ ಬರಿ!” ಎಂದು ಗದರಿದಳು. ಶರಣಮ್ಮ, “ಆತು ಟೀಚರಮ್ಮಾ” ಎಂದು ತಲೆ ಬಗ್ಗಿಸಿದರು. ಕೆಲವು ವಾರಗಳ ನಂತರ ಹಾಲಿನ ಬೂತಿನ ಎದುರು ನಿಂತು ‘ಹಾಲು’ ಎಂದು ತಾವೇ ಓದಿ, ಅಲ್ಲಿ ನಿಂತಿದ್ದವರಿಗೆಲ್ಲ ಕೂಗಿ ಹೇಳಿದರಂತೆ. ತಮ್ಮ ಸರದಿ ಬಂದಾಗ ಹಳೆಯ ಸೀರೆಗಳನ್ನು ತಂದು ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕೌದಿ ಹೊಲಿಯುವುದನ್ನು ಕಲಿಸಿದರು. ಅವರನ್ನು ನೋಡಿ ಸಾಲುಮನೆಯ ಬೇರೆ ಹೆಂಗಸರೂ ಬರತೊಡಗಿದರು. ರೇಣುಕಾ ಶಾಲೆಯಲ್ಲೂ ಮಾತಾಡತೊಡಗಿದಳು. ತಾಯಿಗೆ ಕಲಿಸುವವಳಿಗೆ ಇನ್ಯಾರ ಹೆದರಿಕೆ!

ಈಗ ಆ ಸುಳ್ಳಿನ ವಿಷಯಕ್ಕೆ ಬರುತ್ತೇನೆ.

ಗೋದಾಮಿನ ಮಾಲೀಕರು ಜಾಗ ಬಿಡಿ ಎಂದರು. ಇಂದಿರಾನಗರದಲ್ಲಿ ದೊಡ್ಡ ಮನೆಯಿದ್ದ ಒಬ್ಬ ಮಹಿಳೆ — ನಾವು ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು — ತಮ್ಮ ಕಾಂಪೌಂಡಿನಲ್ಲಿ ಖಾಲಿಯಿದ್ದ ಔಟ್‌ಹೌಸ್ ಕೊಡುವ ಮನಸ್ಸು ಮಾಡಿದ್ದರು. ಅದಕ್ಕೆ ಮೊದಲು ನಮ್ಮ ಕೆಲಸವನ್ನೊಮ್ಮೆ ನೋಡಬೇಕು ಎಂದರು. ಅವರಿಗೆ ಬಿಡುವಿದ್ದದ್ದು ಶನಿವಾರ ಸಂಜೆ. ಅದೇ ದಿನ ವಾರ್ಷಿಕೋತ್ಸವ ಇಟ್ಟುಕೊಂಡೆವು. ಮುಖ್ಯವಾದದ್ದು ಶರಣಮ್ಮ ಮತ್ತು ರೇಣುಕಾ ಸೇರಿ ಓದುವ ಕಥೆ — ತಾಯಿ ಒಂದು ಸಾಲು, ಮಗಳು ಒಂದು ಸಾಲು. ಅವರದೇ ಕಥೆ. ಬೆಂಗಳೂರಿಗೆ ಬಂದ ಮೊದಲ ದಿನ ದಂಡು ಸ್ಟೇಷನ್ನಿನಲ್ಲಿ ರೇಣುಕಾ ಕೈತಪ್ಪಿ, ತಾಯಿ ಬೋರ್ಡುಗಳನ್ನು ಓದಲಾಗದೆ ಅಳುತ್ತ ಪ್ಲಾಟ್‌ಫಾರಂ ಉದ್ದಕ್ಕೂ ಓಡಾಡಿ, ಕೊನೆಗೆ ಒಬ್ಬ ಕೂಲಿಯ ಗಾಡಿಯ ಮೇಲೆ ಕೂತು ಬನ್ ತಿನ್ನುತ್ತಿದ್ದ ಮಗಳನ್ನು ಕಂಡದ್ದು. ಶರಣಮ್ಮ ಹೇಳಿದ್ದರು, ರೇಣುಕಾ ಬರೆದಿದ್ದಳು.

ಅಭ್ಯಾಸದಲ್ಲಿ ಶರಣಮ್ಮ ತಡವರಿಸುತ್ತಿದ್ದರು, ನಿಜ. ತಡವರಿಸಿದಾಗ ನಗುತ್ತಿದ್ದರು, ಸಾಲು ಬಿಟ್ಟು ಬೇರೇನೋ ಹೇಳುತ್ತಿದ್ದರು, ಎಲೆಯಡಿಕೆ ಉಗಿಯಲು ಎದ್ದು ಹೋಗುತ್ತಿದ್ದರು. ಮೇಡಂ ಮುಂದೆ ಹೀಗಾದರೆ — ಎಂದು ನನಗೆ ದಿಗಿಲಾಗುತ್ತಿತ್ತು. ಬಹಳ ವರ್ಷ ನಾನು ನನಗೇ ಕೊಟ್ಟುಕೊಂಡ ಕಾರಣ ಇದು. ಸಂಘದ ಜಾಗ ಹೋಗಿಬಿಡುತ್ತಿತ್ತು, ಅದಕ್ಕೇ ಹಾಗೆ ಮಾಡಿದೆ ಎಂದು.

ಅದಷ್ಟೇ ಅಲ್ಲ. ಇನ್ನೊಂದಿದೆ — ಅದನ್ನೂ ಹೇಳದಿದ್ದರೆ ಈ ಬರಹವೂ ಅರ್ಧ ಸುಳ್ಳೇ.

ಒಂದು ಅಭ್ಯಾಸದ ದಿನ ಶರಣಮ್ಮ ಎಲ್ಲರ ಮುಂದೆ, ಯಾವ ಕಪಟವೂ ಇಲ್ಲದೆ ನನ್ನನ್ನು ಕೇಳಿದರು: “ಅಕ್ಕಾರ, ಎಲ್ಲಾರಿಗೂ ಅವ್ವನ ಕರ್ಕೊಂಡು ಬರ್ರಿ ಅಂತೀರಿ. ನಿಮ್ಮವ್ವಾರನ್ನ ಯಾಕ ಕರ್ಕೊಂಡು ಬರಂಗಿಲ್ರಿ?”

“ಅಮ್ಮನಿಗೆ ಹುಷಾರಿಲ್ಲ,” ಎಂದೆ.

ಅಮ್ಮ ಹುಷಾರಾಗಿಯೇ ಇದ್ದಳು. ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ಮರದ ಕೆಳಗೆ, ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದಳು. ಮೇಡಂ ಅವರ ಮನೆ ಅಲ್ಲಿಗೆ ದೂರವೇನಲ್ಲ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಅವಳು ಕೆಂಡದ ಪೆಟ್ಟಿಗೆಯ ಬಿಸಿಗೆ ನಿಂತು ನಿಂತು ನನ್ನನ್ನು ಟೀಚರ್ ಮಾಡಿದ್ದಳು. ಸಂಘದಲ್ಲಿ ಸಲೀಮನನ್ನು ಬಿಟ್ಟು ಯಾರಿಗೂ ಅವಳು ಯಾರೆಂದು ಗೊತ್ತಿರಲಿಲ್ಲ. ನಾನು ಗೊತ್ತಾಗಲು ಬಿಟ್ಟಿರಲಿಲ್ಲ. ಶರಣಮ್ಮ ಕೇಳಿದ ಆ ಗಳಿಗೆಯಿಂದ ಅವರ ದೊಡ್ಡ ನಗು, ಅವರ ಎಲೆಯಡಿಕೆ, ಅವರ ತಡವರಿಕೆ ಎಲ್ಲವೂ ನನಗೆ ಸಹಿಸಲಾಗದಂತಾಯಿತು. ಯಾಕೆಂದು ಈಗ ಗೊತ್ತು. ಆಗಲೂ — ಗೊತ್ತಿತ್ತು ಎಂದೇ ಅನಿಸುತ್ತದೆ.

ಕಾರ್ಯಕ್ರಮಕ್ಕೆ ಕೆಲವೇ ದಿನಗಳಿದ್ದವು. ರೇಣುಕಾ ನಲ್ಲಿಯ ಹತ್ತಿರ ಸ್ಲೇಟುಗಳನ್ನು ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಹೋಗಿ ನಿಂತೆ.

“ರೇಣು, ಅಮ್ಮನಿಗೆ ಕಾರ್ಯಕ್ರಮ ಭಾನುವಾರ ಅಂತ ಹೇಳು.”

ಅವಳು ತಲೆಯೆತ್ತಿದಳು. “ಶನಿವಾರ ಅಲ್ವಾ ಅಕ್ಕಾ?”

“ಶನಿವಾರನೇ. ಆದ್ರೆ ಅಮ್ಮನಿಗೆ ಭಾನುವಾರ ಅಂತ ಹೇಳು. ಕಥೆ ನೀನೊಬ್ಳೇ ಓದು, ಚೆನ್ನಾಗಿ ಓದ್ತೀಯ. ದೊಡ್ಡ ದೊಡ್ಡೋರೆಲ್ಲ ಬರ್ತಾರೆ, ಅವರ ಮುಂದೆ ಅಮ್ಮ ತಡವರಿಸಿದ್ರೆ... ನಿನಗೇ ನಾಚಿಕೆ ಆಗಲ್ವಾ?”

ಅವಳು ಸ್ಲೇಟನ್ನು ಹಿಡಿದುಕೊಂಡು ಹಾಗೇ ಕೂತಿದ್ದಳು. ಅಲ್ಲಿಯವರೆಗೆ ಆ ಮಗುವಿಗೆ ತಾಯಿಯ ಬಗ್ಗೆ ನಾಚಿಕೆ ಎಂಬುದಿರಲಿಲ್ಲ. ಅದನ್ನು ತಂದು ಅವಳೊಳಗೆ ಇಟ್ಟವಳು ನಾನು. ಹೊರಡುವಾಗ ಇನ್ನೊಂದು ಮಾತನ್ನೂ ಸೇರಿಸಿದೆ: “ನಾನು ಹೇಳ್ದೆ ಅಂತ ಹೇಳ್ಬೇಡ.”

ಶನಿವಾರ ಶರಣಮ್ಮ ಎಂದಿನಂತೆ ಕೆಲಸಕ್ಕೆ ಹೋದರು. ಭಾನುವಾರ ಇಡೀ ದಿನಕ್ಕೆಂದು ಮೇಸ್ತ್ರಿಯ ಹತ್ತಿರ ರಜೆ ಕೇಳಿಟ್ಟಿದ್ದರಂತೆ. ಸಾಲುಮನೆಯ ಹೆಂಗಸರೂ ದಿನವನ್ನು ಶರಣಮ್ಮನ ಬಾಯಿಂದಲೇ ತಿಳಿದುಕೊಂಡು, ಶನಿವಾರ ಅವರ ಜೊತೆ ಕೆಲಸಕ್ಕೆ ಹೋಗಿದ್ದರು. ಸಂಜೆ ಗೋದಾಮು ತುಂಬಿತ್ತು. ರೇಣುಕಾ ತನ್ನ ಸಾಲುಗಳನ್ನೂ ತಾಯಿಯ ಸಾಲುಗಳನ್ನೂ ಒಬ್ಬಳೇ ಓದಿದಳು. ಒಂದೇ ಒಂದು ತಪ್ಪಿಲ್ಲ. ಚಪ್ಪಾಳೆ ಬಿತ್ತು. “ಎಲ್ಲಿ ಇವಳ ತಾಯಿ? ಅವರೂ ಓದ್ತಾರೆ ಅಂದಿದ್ರಲ್ಲ?” ಎಂದು ಮೇಡಂ ಕೇಳಿದರು.

“ಕೆಲಸಕ್ಕೆ ಹೋಗಿದಾರೆ ಮೇಡಂ. ಅವರಿಗೆ ಇದ್ರಲ್ಲೆಲ್ಲ ಅಷ್ಟು ಆಸಕ್ತಿ ಇಲ್ಲ,” ಎಂದೆ. ರೇಣುಕಾ ಪಕ್ಕದಲ್ಲೇ ಇದ್ದಳು.

ಔಟ್‌ಹೌಸ್ ನಮ್ಮದಾಯಿತು.

ಮರುದಿನ, ಭಾನುವಾರ, ಸಂಘಕ್ಕೆ ರಜೆ ಕೊಟ್ಟಿದ್ದೆವು. ಮಧ್ಯಾಹ್ನ ನಾನೂ ಸಲೀಮನೂ ಬಣ್ಣದ ಕಾಗದದ ತೋರಣ ಬಿಚ್ಚುತ್ತಿದ್ದೆವು. ಬಾಗಿಲಲ್ಲಿ ನೆರಳು ಬಿತ್ತು. ಶರಣಮ್ಮ. ಇಳಕಲ್ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದಿದ್ದರು. ಬಾಯಲ್ಲಿ ಆವತ್ತು ಎಲೆಯಡಿಕೆ ಇರಲಿಲ್ಲ. ಹಿಂದೆ ಸಾಲುಮನೆಯ ಹೆಂಗಸರು, ಎಲ್ಲರೂ ಸಿಂಗರಿಸಿಕೊಂಡು. ಅವರೆಲ್ಲರ ಹಿಂದೆ ರೇಣುಕಾ.

“ಅಕ್ಕಾರ, ಲಗೂನ ಬಂದೀವೇನ್ರಿ? ಯಾರೂ ಕಾಣವಲ್ರು.”

ಆಗಲೂ ಕಾಲ ಮೀರಿರಲಿಲ್ಲ. ಒಂದೇ ಒಂದು ಮಾತು ಸಾಕಿತ್ತು — ‘ತಪ್ಪು ನನ್ನದು.’ ನಾನು ಹೇಳಿದ್ದು: “ನಿನ್ನೇನೇ ಆಗೋಯ್ತಲ್ಲ ಶರಣಮ್ಮ. ಎಲ್ಲರಿಗೂ ಶನಿವಾರ ಅಂತಾನೇ ಹೇಳಿದ್ವಲ್ಲ.”

ಶರಣಮ್ಮ ನಿಧಾನವಾಗಿ ಹಿಂದಕ್ಕೆ ತಿರುಗಿದರು. “ನೀ ಐತವಾರ ಅಂದಿದ್ದೆಲ್ಲ?”

ರೇಣುಕಾ ನನ್ನನ್ನು ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ಸುಮ್ಮನೆ ಕಾಯುತ್ತಿದ್ದಳು. ನಾನು ತೋರಣ ಮಡಚುತ್ತ ಹೋದೆ.

“ಹೂಂ ಅವ್ವಾ. ನಾನೇ ಹಂಗ ಹೇಳಿದ್ನಿ,” ಎಂದಳು.

“ಯಾಕ?”

ರೇಣುಕಾ ನೆಲಕ್ಕೆ ಬಿದ್ದಿದ್ದ ಬಣ್ಣದ ಕಾಗದದ ಚೂರೊಂದನ್ನು ಹೆಕ್ಕಿಕೊಂಡಳು.

“ನನ್ನ ಕಂಡ್ರ ನಾಚಿಕಿ ಬಂತೇನು ನಿನಗ?”

ಹುಡುಗಿ ಅಲ್ಲ ಎನ್ನಲಿಲ್ಲ. ಶರಣಮ್ಮ ಗದರಲಿಲ್ಲ, ಹೊಡೆಯಲಿಲ್ಲ. ಜೊತೆಗೆ ಬಂದವರ ಮುಖ ನೋಡಲಾಗದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಟುಹೋದರು. ಹೆಂಗಸರಲ್ಲಿ ಒಬ್ಬಳು ರೇಣುಕಾಳ ಕಡೆ ನೋಡಿ, “ಹಡದವ್ವಗ ಸುಳ್ಳು ಹೇಳತಾಳ ನೋಡ್ರಿ ಇಕಿ” ಎಂದದ್ದು ನನಗೆ ಕೇಳಿಸಿತು.

ಆ ಸಂಜೆ ಸಲೀಮ್ ಹೇಳಿದ: “ಆ ಹುಡುಗಿ ಸುಳ್ಳು ಹೇಳೋ ಹುಡುಗಿ ಅಲ್ಲ ವಿಜಿ.” ನಾನು ಮಡಚಿದ ತೋರಣಗಳನ್ನು ಗಂಟು ಕಟ್ಟತೊಡಗಿದೆ. ಅವನು ಮತ್ತೆ ಕೇಳಲಿಲ್ಲ.

ಶರಣಮ್ಮ ಮತ್ತೆ ಬರಲಿಲ್ಲ. ಅವರ ಜೊತೆಯ ಹೆಂಗಸರೂ ಬರಲಿಲ್ಲ. ರೇಣುಕಾ ಕೆಲವು ವಾರ ಬಂದಳು — ಒಬ್ಬಳೇ, ಮೂಲೆಯಲ್ಲಿ. ಆಮೇಲೆ ಅವಳೂ ನಿಂತಳು. ಕೆ.ಆರ್. ಪುರದ ಕಡೆ ಕಟ್ಟಡದ ಕೆಲಸ ಜಾಸ್ತಿಯಾಗಿದೆಯೆಂದು ಅವರ ಮನೆಯವರು ಅತ್ತ ಹೋದರಂತೆ. ಕೇಳಿ ನನಗೆ ನಿರಾಳವಾಯಿತು. ಹೌದು, ನಿರಾಳವಾಯಿತು.

ಇಂದಿರಾನಗರದ ಔಟ್‌ಹೌಸಿನಲ್ಲಿ ಸಂಘ ಬೆಳೆಯಿತು. ಒಳ್ಳೆಯ ಬೆಂಚುಗಳು ಬಂದವು, ಕಂಪ್ಯೂಟರ್ ಬಂತು. ಬಾರದೆ ಹೋದವರು ಅಪ್ಪ-ಅಮ್ಮಂದಿರು. ದೊಡ್ಡ ಗೇಟು, ವಾಚ್‌ಮನ್, ಒಳಗೆ ಚಪ್ಪಲಿ ಎಲ್ಲಿ ಬಿಡಬೇಕೆಂದೂ ತಿಳಿಯದ ಅಂಗಳ. ಮಕ್ಕಳನ್ನು ಗೇಟಿನವರೆಗೆ ಬಿಟ್ಟು ಹೊರಗೇ ನಿಂತಿರುತ್ತಿದ್ದರು. ನಾನು ಜಾಗ ಉಳಿಸಿದ್ದೆ, ಆ ಜಾಗ ಯಾರಿಗಾಗಿ ಬೇಕಿತ್ತೋ ಅವರನ್ನು ಕಳೆದಿದ್ದೆ. ಎರಡು ಸಾವಿರದ ನಂತರ ಆ ರಸ್ತೆಯ ಬಂಗಲೆಗಳು ಒಂದೊಂದಾಗಿ ಆಫೀಸು, ಹೋಟೆಲುಗಳಾದವು. ಮೇಡಂ ಮನೆಯೂ ಹೋಯಿತು. ನಾವು ಲಿಂಗರಾಜಪುರದಲ್ಲಿ ಒಂದು ಚಿಕ್ಕ ಮಹಡಿಗೆ ಬಂದೆವು. ಸಲೀಮನ ಹಟದಿಂದ ಭಾನುವಾರಗಳು ಮತ್ತೆ ಶುರುವಾದವು. ಮತ್ತೆ ತಂದೆ-ತಾಯಂದಿರು ಮೆಟ್ಟಿಲು ಹತ್ತಿ ಬಂದರು.

ಅಷ್ಟರಲ್ಲಿ ನನಗೊಂದು ಹೆಸರು ಬಂದಿತ್ತು. ಬೇರೆ ಬೇರೆ ಯುವಕ ಸಂಘಗಳವರು ಮಾತಾಡಲು ಕರೆಯುತ್ತಿದ್ದರು. ಅಲ್ಲೆಲ್ಲ ನಾನು ಏನು ಮಾತಾಡುತ್ತಿದ್ದೆ ಎಂಬುದನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ — ಶರಣಮ್ಮನ ಕಥೆಯನ್ನೇ ಹೇಳುತ್ತಿದ್ದೆ. ಕಲ್ಲುಮಣ್ಣು ಹೊರುವ ತಾಯಿ ಮಗಳಿಂದ ಅಕ್ಷರ ಕಲಿತದ್ದು, ಹಾಲಿನ ಬೂತಿನ ಮುಂದೆ ಮೊದಲ ಪದ ಓದಿದ್ದು, ಕೊನೆಗೆ ತಾಯಿ-ಮಗಳು ವೇದಿಕೆಯ ಮೇಲೆ ಒಂದೊಂದು ಸಾಲು ಹಂಚಿಕೊಂಡು ಓದಿದ್ದು. ಅವರು ಓದಿದಂತೆ, ಜನ ಕಣ್ಣೊರೆಸಿಕೊಂಡಂತೆ ಹೇಳುತ್ತಿದ್ದೆ. ನಿಜಕ್ಕೂ ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ಒಮ್ಮೆ ಕೆ.ಆರ್. ಪುರದ ಒಂದು ಸಂಘದಲ್ಲಿ ಹೀಗೆಯೇ ಮಾತಾಡಿ ಮುಗಿಸಿದೆ. ಎಲ್ಲರೂ ಚಹಾಕ್ಕೆ ಎದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಯುವತಿ ನನ್ನ ಹತ್ತಿರ ಬಂದಳು. ಆ ಸಂಘದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವವಳಂತೆ.

“ಚೆನ್ನಾಗಿ ಹೇಳಿದ್ರಿ ಅಕ್ಕಾ,” ಎಂದಳು. “ಅಮ್ಮ ಸ್ಟೇಜ್ ಮೇಲೆ ಓದಿದ್ರು ಅಂದ್ರಲ್ಲ... ಅದು ನಿಜ ಆಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು.”

ಮುಖ ಬದಲಾಗಿತ್ತು. ಕಾಯುವ ಆ ನೋಟ ಬದಲಾಗಿರಲಿಲ್ಲ.

“ರೇಣು —”

ನಾನು ಕೇಳಿದೆ: “ನಾನು ಹೇಳಿಸಿದ್ದು ಅಂತ ಅಮ್ಮನಿಗೆ ಹೇಳಲೇ ಇಲ್ವಾ?”

“ಹೇಳ್ಬೇಡ ಅಂದಿದ್ರಲ್ಲ ನೀವು.” ಅವಳ ದನಿಯಲ್ಲಿ ಕೊಂಕಿರಲಿಲ್ಲ. “ಸ್ವಲ್ಪ ದೊಡ್ಡವಳಾದ್ಮೇಲೆ ಒಂದ್ಸಲ ಹೇಳ್ದೆ. ಅಮ್ಮ ನಂಬಲಿಲ್ಲ. ವಿಜಿ ಅಕ್ಕಾರು ಅಂಥೋರಲ್ಲ, ನಿನ್ನ ತಪ್ಪು ಅವರ ಮ್ಯಾಲೆ ಹಾಕಬ್ಯಾಡ ಅಂದ್ರು.” ಅವಳೇ ಮುಂದುವರಿಸಿದಳು: “ಇನ್ನೊಂದು ಹೇಳ್ಲಾ ಅಕ್ಕಾ? ಆವತ್ತು ಒಬ್ಬಳೇ ಓದುವಾಗ, ಅಮ್ಮ ಬರದೇ ಇದ್ದದ್ದು ಒಳ್ಳೇದಾಯ್ತು ಅಂತ ನನಗೂ ಒಂದು ಕ್ಷಣ ಅನ್ನಿಸಿಬಿಡ್ತು. ಅದನ್ನ ಯಾರ ಹತ್ರ ಹೇಳೋದು?”

ಆ ವಾರ ನಾನು ಶಾಲೆಯಲ್ಲಿ ಪಾಠ ಮಾಡಿದೆ, ಮನೆಯಲ್ಲಿ ಅಡುಗೆ ಮಾಡಿದೆ. ಒಂದು ಮಾತ್ರ ಗಟ್ಟಿಯಾಗಿತ್ತು: ಹೋಗಬೇಕು. ಕಾಗದ ಬರೆಯುವುದಲ್ಲ, ಸಲೀಮನನ್ನು ಮುಂದೆ ಮಾಡಿಕೊಂಡು ಹೋಗುವುದಲ್ಲ. ರೇಣುಕಾಳಿಂದ ವಿಳಾಸ ಕೇಳಿಕೊಂಡೆ. ಅವಳ ಅಮ್ಮ ಮನೆಯಲ್ಲಿರುವ ದಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸುತ್ತ ಹೋದೆ. ಮನೆಯ ಬಾಗಿಲಲ್ಲಿ ಅವೆಲ್ಲ ಮರೆತುಹೋದವು.

ಶರಣಮ್ಮನ ಕೂದಲು ನರೆತಿತ್ತು. ನನ್ನನ್ನು ಕಂಡು ಅವರ ಮುಖ ಅರಳಿತು — ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. “ವಿಜಿ ಅಕ್ಕಾರ! ಬರ್ರಿ, ಬರ್ರಿ. ಎಷ್ಟು ವರ್ಷಾತ್ರಿ!” ಎಂದು ಚಾಪೆ ಹಾಸಿದರು. ನೀರು ಕೊಟ್ಟರು. ನಾನು ಕುಡಿಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ನಲ್ಲಿಯ ಹತ್ತಿರ ಏನು ಹೇಳಿದೆ, ಮೇಡಂ ಕೇಳಿದಾಗ ಏನೆಂದೆ, ತೋರಣ ಮಡಚುತ್ತ ಯಾಕೆ ಸುಮ್ಮನಿದ್ದೆ. ನನ್ನ ಅಮ್ಮನ ವಿಷಯವನ್ನೂ.

ರೇಣುಕಾ ಒಲೆಯ ಹತ್ತಿರ ನಿಂತಿದ್ದಳು, ಈ ಕಡೆ ತಿರುಗಲಿಲ್ಲ.

“ಅಕಿ ಸಾಲಿಗಿ ನಾ ಒಂದ್ ದಿನಾನೂ ಹೋಗ್ಲಿಲ್ರಿ,” ಎಂದರು ಶರಣಮ್ಮ. “ಬಹುಮಾನ ಕೊಡೋ ದಿನಾನೂ ಹೋಗ್ಲಿಲ್ಲ. ಅಕಿ ಬಾ ಅಂತ ಕರೀತಿದ್ಲು, ಅಳತಿದ್ಲು. ಬಾಯಿಲೇ ಕರೀತಾಳ, ಒಳಗ ನಾಚಿಕಿ ಪಡ್ತಾಳ ಅಂತ ತಿಳ್ಕೊಂಡಿದ್ನಿ. ನನ್ನ ಮಗಳ ಮಾತು ನಂಬಲಿಲ್ಲ ನಾನು, ನಿಮ್ಮ ಮಾತು ನಂಬಿದ್ನಿ.”

“ತಪ್ಪಾಯ್ತು ಶರಣಮ್ಮ.”

“ಹೇಳಿದ್ರಿ, ನಿಮ್ಮ ಎದಿ ಹಗರಾತು,” ಎಂದರು. “ನಮಗೇನಾತ್ರಿ?”

ಕುಡಿಯದೆ ಇಟ್ಟಿದ್ದ ನೀರಿನ ಲೋಟವನ್ನು ನಾನು ಪಕ್ಕಕ್ಕೆ ಸರಿಸಿದೆ.

ಅವರು ಎದ್ದು ನಿಂತರು. “ನನ್ನ ಮುಂದ ಹೇಳಿದ್ರ ಸಾಲಂಗಿಲ್ಲ. ಅವತ್ತು ನನ್ನ ಕೂಡ ಬಂದಿದ್ರಲ್ಲ, ಆ ಹೆಂಗಸರ ಮುಂದ ಹೇಳ್ರಿ. ನನ್ನ ಮಗಳು ಸುಳ್ಳಿ ಅಂತ ಊರತನಾ ಮಾತಾಡ್ಯಾರ ಅವರು. ಅಲ್ಲಿ ಹೇಳ್ರಿ, ಅಕಿ ಹೆಸರು ತೊಳೀರಿ. ಆಮ್ಯಾಲೆ ನೋಡೋಣ.”

ಹೇಳುತ್ತೇನೆ ಎಂದೆ. ಹೇಳಿದೆ. ಆ ಹೆಂಗಸರಲ್ಲಿ ಹಣಮವ್ವ ಎಂಬವರು ಅದೇ ಕೆ.ಆರ್. ಪುರದಲ್ಲಿದ್ದರು, ಇನ್ನೊಬ್ಬರು ಲಿಂಗರಾಜಪುರದಲ್ಲೇ, ನಮ್ಮ ಸಂಘದ ಹಿಂದಿನ ಬೀದಿಯಲ್ಲೇ. ಇಷ್ಟು ದಿನ ನಾನು ಅವರನ್ನು ಕಂಡರೂ ಕಾಣದವಳಂತೆ ಹೋಗುತ್ತಿದ್ದೆ. ಕೆಲವರು ಊರಿಗೆ ಹೋಗಿಬಿಟ್ಟಿದ್ದರು, ಅವರಿಗೆ ಹಣಮವ್ವನ ಕೈಲಿ ಹೇಳಿಕಳಿಸಿದೆ. ಹಣಮವ್ವ ಅಂಗಳದಲ್ಲಿ ಅಕ್ಕಪಕ್ಕದವರನ್ನೆಲ್ಲ ಕರೆದು ನಿಲ್ಲಿಸಿ, “ಈಗ ಹೇಳ್ರಿ, ಎಲ್ಲಾರೂ ಕೇಳ್ಲಿ” ಎಂದರು. ನಾನು ಎಲ್ಲರ ನಡುವೆ ನಿಂತು ಮೊದಲಿನಿಂದ ಹೇಳಿದೆ. “ಕಲಿತೋರು ನೋಡ್ರಿ ಇವರು” ಎಂದು ಯಾರೋ ಅಂದರು. ಅಂದದ್ದು ಸರಿಯೇ.

ಸಂಘದಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಯಿತು, ಯಾಕೆಂದರೆ ಅಲ್ಲಿ ನನ್ನನ್ನು ನಂಬಿದ ಹೊಸ ಹುಡುಗ ಹುಡುಗಿಯರಿದ್ದರು. ಒಂದು ಭಾನುವಾರ, ಅಪ್ಪ-ಅಮ್ಮ ಮಕ್ಕಳು ಎಲ್ಲರೂ ಇದ್ದಾಗಲೇ ಹೇಳಿದೆ. ಭಾಷಣಗಳಲ್ಲಿ ನಾನು ಹೇಳಿಕೊಂಡು ಬಂದದ್ದು ಸುಳ್ಳೆಂದೂ ಹೇಳಿದೆ. ಒಬ್ಬ ತಂದೆ ಎದ್ದು ಮಗನ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಸಂಘದ ಕಾರ್ಯದರ್ಶಿ ಸ್ಥಾನ ಬಿಟ್ಟೆ. ಮತ್ತೆಂದೂ ವೇದಿಕೆ ಹತ್ತಿಲ್ಲ. ಎಲ್ಲರೂ ಹೋದ ಮೇಲೆ ಸಲೀಮ್ ಚಾಪೆ ಸುತ್ತುತ್ತ ನನ್ನ ಪಕ್ಕಕ್ಕೆ ಬಂದ.

“ಆಗಲೇ ಅನುಮಾನ ಇತ್ತು ನಂಗೆ,” ಎಂದ. “ಕೇಳಿದ್ರೆ ನೀನು ಹೌದು ಅಂದ್ಬಿಡ್ತೀಯ ಅಂತ ಭಯ ಆಯ್ತು. ಅದಕ್ಕೆ ಕೇಳಲಿಲ್ಲ. ನಂದೂ ತಪ್ಪೇ ವಿಜಿ.”

“ನಿಂದಲ್ಲ,” ಎಂದೆ. ಅದನ್ನು ಹಂಚಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಅಮ್ಮನನ್ನು ಸಂಘಕ್ಕೆ ಕರೆದೆ. ಇಷ್ಟು ವರ್ಷ ಯಾಕೆ ಕರೆಯಲಿಲ್ಲವೆಂದೂ ಹೇಳಿದೆ. ಅವಳು ಇಸ್ತ್ರಿ ಗಾಡಿ ಬಿಟ್ಟು ಆಗಲೇ ಬಹಳ ಕಾಲವಾಗಿತ್ತು. “ಗೊತ್ತಿತ್ತು,” ಎಂದಳು. “ಗಾಡಿ ಮುಂದೆ ನೀನು ಹೋಗುವಾಗ ನಾನೇ ಆ ಕಡೆ ತಿರುಗಿಕೊಳ್ತಿದ್ದೆ ಕಣಮ್ಮ, ನಿನಗೆ ಕಷ್ಟ ಆಗ್ಬಾರ್ದು ಅಂತ.” ಅಷ್ಟು ಹೇಳಿ ಅವಳು ಅಕ್ಕಿ ಆರಿಸಲು ಕೂತಳು. ನಾನು ಎದುರಿಗೆ ಕೂತು ಅಳಬಾರದೆಂದು ಹಲ್ಲುಕಚ್ಚಿದೆ. ಅತ್ತು ಅವಳಿಂದ ಸಮಾಧಾನ ಮಾಡಿಸಿಕೊಳ್ಳುವ ಹಕ್ಕೂ ನನಗಿರಲಿಲ್ಲ. ಮುಂದಿನ ಭಾನುವಾರ ಅವಳು ಬಂದಳು. ಬಾಗಿಲಿನ ಹತ್ತಿರವೇ ಕೂತಳು. ಒಂದು ಪುಟ್ಟ ಹುಡುಗಿ ಅವಳ ಮುಂದೆ ಸ್ಲೇಟು ಇಟ್ಟು, “ಅಜ್ಜಿ, ನಿಮ್ಮ ಹೆಸರೇನು, ಬರೆಯೋಣ” ಎಂದಳು.

ನಮ್ಮ ಸಂಘದಲ್ಲಿ ಈಗ ಒಂದು ಪದ್ಧತಿ ಮಾಡಿದ್ದೇನೆ, ಎಲ್ಲರೂ ಒಪ್ಪಿದ್ದಾರೆ. ಕಾರ್ಯಕ್ರಮದ ದಿನ, ಹೊತ್ತು ಯಾವುದನ್ನೂ ಮಕ್ಕಳ ಬಾಯಲ್ಲಿ ಮನೆಗೆ ಹೇಳಿಕಳಿಸುವುದಿಲ್ಲ. ದೊಡ್ಡವರನ್ನು ದೊಡ್ಡವರೇ ಹೋಗಿ ಕರೆಯಬೇಕು. ಆ ಕೆಲಸ ನನ್ನದು. ಲಿಂಗರಾಜಪುರದ ಮನೆಮನೆಯ ಬಾಗಿಲಿಗೆ ಹೋಗುತ್ತೇನೆ. ಓದು ಬಾರದ ತಾಯಿಗೆ, “ನೀವೂ ಬರ್ಬೇಕು, ನಿಮ್ಮ ಮಗು ಜೊತೆ ನೀವೂ ಓದ್ಬೇಕು, ತಡವರಿಸಿದ್ರೂ ಪರವಾಗಿಲ್ಲ” ಎಂದು ಎದುರು ನಿಂತು ಹೇಳುತ್ತೇನೆ. ಬರುತ್ತಾರೆ, ತಡವರಿಸುತ್ತಾರೆ, ಮಕ್ಕಳು ತಿದ್ದುತ್ತಾರೆ, ಎಲ್ಲರೂ ನಗುತ್ತಾರೆ.

ಎಲ್ಲರ ಮನೆ ಮುಗಿದ ಮೇಲೆ ಬಸ್ ಹತ್ತಿ ಕೆ.ಆರ್. ಪುರಕ್ಕೆ ಹೋಗುತ್ತೇನೆ. ಶರಣಮ್ಮ ನನ್ನನ್ನು ಈಗ ಒಳಗೆ ಕರೆಯುವುದಿಲ್ಲ. ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ.

“ಈ ಸಲ ಶನಿವಾರ, ಶರಣಮ್ಮ. ಸಂಜೆ. ಶನಿವಾರನೇ.”

“ನೋಡ್ತೀನ್ರಿ,” ಎನ್ನುತ್ತಾರೆ.

ಇಲ್ಲಿಯವರೆಗೆ ಬಂದಿಲ್ಲ. ಬರಲೇಬೇಕೆಂದು ನಾನು ಕೇಳುವಂತೆಯೂ ಇಲ್ಲ. ಮೊದಲ ಸಲ ಅವರು ಬಾಗಿಲು ಮುಚ್ಚಿದಾಗ ನಾನಿನ್ನು ಹೋಗಬಾರದು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು — ನಾನು ಮಾಡಬೇಕಾದದ್ದು ಸರಿಯಾದ ದಿನವನ್ನು ಅವರ ಮುಖ ನೋಡಿ ಹೇಳುವುದು. ಬರುವುದು, ಬಿಡುವುದು ಅವರದು. ಮುಂದಿನ ಸಲವೂ ಹೋಗುತ್ತೇನೆ.